ಮದರ್‌ಬೋರ್ಡಿಗೂ ಹಲ್ಲು ನೋಡಬೇಕು

ಕಳೆದ ಕಾರ್ತಿಕದ ಒಂದು ಸಂಜೆ ನಮ್ಮೂರ ಆಚೆ ಓಣಿಯ ಅಣ್ಣ ಒಬ್ಬರು ಕಂಪ್ಯೂಟರಿನ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ನಮ್ಮ ಮನೆಗೆ ಬಂದರು.

“ತಮ್ಮಾ, ಇದು ಚಾಲೂನ ಆಗವಲ್ದು. ನಾಕು ದಿನಾತು. ನೋಡು ಸ್ವಲ್ಪ” ಅಂದರು.

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಮಗೆ ಹಗುರಾಗುತ್ತಿತ್ತು. ಯಾಕೆಂದರೆ ಈ ಕಂಪ್ಯೂಟರ್ ತಗೊಳ್ಳಿ ಅಂತ ಅವರಿಗೆ ಹೇಳಿದವರು ನಾವು. ನಾವು ಅಂದರೆ ನಾವೊಬ್ಬರೇ. ಸುದ್ದಿ ಬರೆದೂ ಬರೆದೂ ಬಾಯಿಗೆ ಹತ್ತಿದ ಮಾತು ಅದು, ತಪ್ಪು ಹಂಚಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಅದಕ್ಕೂ ಹಿಂದಿನ ದೀಪಾವಳಿಯ ಹೊತ್ತಿಗೆ ಅವರ ಮಗಳು ಬಿಸಿಎ ಸೇರಿದ್ದಳು. ಗೋವಿನಜೋಳದ ದುಡ್ಡು ಕೈಗೆ ಬಂದಿತ್ತು. ಪೇಟೆಯ ಒಂದು ಅಂಗಡಿಯ ಹಬ್ಬದ ಆಫರ್ ಹಾಳೆಯನ್ನು ಫೋಟೊ ತೆಗೆದು ನಮಗೆ ವಾಟ್ಸ್‌ಆ್ಯಪ್ ಮಾಡಿದ್ದರು. ‘ಐ7 ಕಂಪ್ಯೂಟರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಮಾನಿಟರ್ ಸಮೇತ 16,500’ ಅಂತ ಅದರಲ್ಲಿತ್ತು. ನಾವು ಆಗ ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಕೂತಿದ್ದೆವು. ಮೇಜಿನ ಕೆಳಗೆ ಮೊಬೈಲ್ ಹಿಡಿದು ‘ಐ7 ಅಂದರೆ ಒಳ್ಳೆಯದೇ ಅಣ್ಣಾ, ತಗೋರಿ’ ಅಂತ ಕಳಿಸಿದೆವು. ಹತ್ತು ಸೆಕೆಂಡಿನ ಕೆಲಸ. ಚರಂಡಿ ಸುದ್ದಿ ಬರೆಯುವಾಗಲೂ ಇಬ್ಬರನ್ನು ಕೇಳದೆ ಒಂದು ಸಾಲು ಬರೆಯುವುದಿಲ್ಲ. ಒಬ್ಬರ ಹದಿನಾರು ಸಾವಿರದ ವಿಷಯದಲ್ಲಿ ಯಾರನ್ನೂ ಕೇಳಲಿಲ್ಲ.

ಮರುದಿನ ಡಬ್ಬಿಯನ್ನು ಹಾವೇರಿಯ ರಿಪೇರಿ ಹುಡುಗನ ಹತ್ತಿರ ಒಯ್ದೆವು. ಅವನು ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡಿದ, ರ‍್ಯಾಮ್ ಬದಲಿಸಿ ನೋಡಿದ.

“ಸರ, ಬೋರ್ಡ್ ಹೋಗೈತ್ರೀ. ವೋಲ್ಟೇಜಿಗೆ ಹೋತೋ, ಈ ಡಬ್ಬಾ ಎಸ್‌ಎಂಪಿಎಸ್‌ಗೆ ಹೋತೋ, ಹೇಳಾಕ ಬರೂದಿಲ್ಲ.”

“ಐ7 ಅಲ್ಲೇನಪಾ ಇದು?”

“ಐ7 ಖರೇರಿ. ಯಾವ ಕಾಲದ ಐ7 ಅಂತ ಕೇಳ್ರಿ.”

ಫ್ಯಾನ್ ಬಿಚ್ಚಿ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನು ಬಟ್ಟೆಯಿಂದ ಒರೆಸಿ ತೋರಿಸಿದ. ಐ7-2600 ಅಂತ ಇತ್ತು. ಇಂಟೆಲ್ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 2011ರಲ್ಲಿ. ಈಗ ಬಿಸಿಎ ಓದುತ್ತಿರುವ ಹುಡುಗಿ ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಅದರ ಕೆಳಗಿನ ಬೋರ್ಡಿನ ಮೇಲೆ ನಾವು ಕೇಳಿರದ ಯಾವುದೋ ಕಂಪನಿಯ ಹೆಸರು, ಪಕ್ಕದಲ್ಲಿ ಎಚ್61 ಅಂತ ಅಚ್ಚು. ಅದೂ 2011ರ ಚಿಪ್‌ಸೆಟ್ಟೇ.

ಬೋರ್ಡು ಮಾತ್ರ ನೋಡಲು ಹೊಸದೇ. ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳನ್ನು ಇವತ್ತಿಗೂ ಹೊಸದಾಗಿ ಮಾಡಿ, ಹೊಸ ಡಬ್ಬಿಯಲ್ಲಿಟ್ಟು ಮಾರುವವರಿದ್ದಾರೆ. ಕಚೇರಿಗಳಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳಿಂದ ಬಿಚ್ಚಿದ ಹಳೆಯ ಪ್ರೊಸೆಸರನ್ನು ಅದರ ಮೇಲೆ ಕೂರಿಸಿದರೆ ‘ಹೊಸ ಐ7’ ತಯಾರು. ಬಿಲ್ ಅಂತ ಇದ್ದದ್ದು ಒಂದು ಬಿಳಿ ಚೀಟಿ. ಅದರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಬೋರ್ಡಿನ ಹೆಸರೂ ಇಲ್ಲ. ಅಂಗಡಿಯವರು ಹೇಳಿದ್ದ ಒಂದು ವರ್ಷದ ವಾರಂಟಿ ಮುಗಿದು ಹದಿನೈದು ದಿನವಾಗಿತ್ತು.

ಸಂಜೆ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದೆವು. ಅವರು ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: “ಅಂದ್ರ ಬಾಯಿಗೂಡಿದ ಎತ್ತಿಗೆ ಕೋಡು ಹೆರೆದು, ಎಣ್ಣಿ ಹಚ್ಚಿ, ಎರಡು ಹಲ್ಲಿನ ಹೋರಿ ಅಂತ ಕೊಟ್ಟಾರ. ಆತು. ಎತ್ತು ತರಬೇಕಾದ್ರ ನಾವು ಹಲ್ಲು ಹಿಡದು ನೋಡ್ತೀವಿ. ಇದಕ್ಕ ಹಲ್ಲು ಎಲ್ಲಿರ್ತಾವ ತಮ್ಮಾ?”

ಒಂದು ವರ್ಷದ ಹಿಂದೆ ನಾವೇ ಅಂಗಡಿಯವರನ್ನು ಕೇಳಬೇಕಿದ್ದ ಪ್ರಶ್ನೆ ಅದು. ತಡವಾಗಿಯಾದರೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರೊಸೆಸರಿನ ಹಲ್ಲು ಇರುವುದು ಅದರ ಹೆಸರಿನ ಅಡ್ಡಗೆರೆಯ ನಂತರದ ಅಂಕಿಯಲ್ಲಿ. ಐ7-2600 ಅಂದರೆ ಎರಡನೇ ಪೀಳಿಗೆ. ಐ5-3470 ಅಂದರೆ ಮೂರನೆಯದು. ಐ3-12100 ಅಂದರೆ ಹನ್ನೆರಡನೆಯದು. ಐ3, ಐ5, ಐ7 ಅನ್ನುವುದು ಆಯಾ ಪೀಳಿಗೆಯೊಳಗಿನ ದರ್ಜೆ ಮಾತ್ರ. 2600ಕ್ಕೂ 12100ಕ್ಕೂ ಕೋರ್ ನಾಲ್ಕೇ, ಥ್ರೆಡ್ ಎಂಟೇ. ಆದರೆ 2022ರ ಆ ಐ3ರ ಮುಂದೆ 2011ರ ಐ7 ಓಡಲಾರದು, ಕರೆಂಟೂ ಹೆಚ್ಚು ತಿನ್ನುತ್ತದೆ. ಮೊಬೈಲಿನಲ್ಲಿ ತೆಗೆದ ಈಗಿನ ವಿಡಿಯೊಗಳನ್ನು ಹಾಕಿದರೆ ಹಳೆಯದು ಏದುಸಿರು ಬಿಡುತ್ತದೆ, ಅವನ್ನು ಬಿಡಿಸಿ ತೋರಿಸುವ ಭಾಗವೇ ಅದರಲ್ಲಿಲ್ಲ.

ಆದರೆ ನಿಜವಾದ ಹಲ್ಲು ಬೋರ್ಡಿನದು, ಅಂದರೆ ಅದರ ಚಿಪ್‌ಸೆಟ್ಟಿನ ಹೆಸರು. ಯಾವ ಪ್ರೊಸೆಸರ್ ಕೂರುತ್ತದೆ, ಯಾವ ರ‍್ಯಾಮ್ ಹಿಡಿಯುತ್ತದೆ, ನಾಳೆ ಏನು ಬದಲಿಸಬಹುದು ಅನ್ನುವುದನ್ನೆಲ್ಲ ತೀರ್ಮಾನಿಸುವುದು ಅದೇ. ಎಚ್61 ಬೋರ್ಡಿಗೆ ಎರಡನೇ ಮತ್ತು ಮೂರನೇ ಪೀಳಿಗೆಯದು ಬಿಟ್ಟರೆ ಬೇರೆ ಪ್ರೊಸೆಸರ್ ಕೂರದು. ರ‍್ಯಾಮ್ ಡಿಡಿಆರ್3 ಮಾತ್ರ. ಅಂದರೆ ಅದನ್ನು ತಂದ ದಿನವೇ ಮುಂದಿನ ದಾರಿ ಮುಚ್ಚಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದರ ಮೇಲಿನದು ಇರಬೇಕೆಂಬುದು ಮೈಕ್ರೊಸಾಫ್ಟ್ ಷರತ್ತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಸಿಗುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು.

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಈಗಲೇ ನೋಡಬಹುದು. ವಿಂಡೋಸ್ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಎಂ-ಎಸ್-ಐ-ಎನ್-ಎಫ್-ಒ-32 ಅಂತ ಒಟ್ಟಿಗೆ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ಪ್ರೊಸೆಸರ್ ಅಂತ ಒಂದು ಸಾಲು, ಬೇಸ್‌ಬೋರ್ಡ್ ಪ್ರಾಡಕ್ಟ್ ಅಂತ ಇನ್ನೊಂದು ಸಾಲು ಇರುತ್ತದೆ. ಅಂಗಡಿಯಲ್ಲಿ ಚಾಲೂ ಇರುವ ಕಂಪ್ಯೂಟರಿನಲ್ಲೂ ಇದನ್ನೇ ಮಾಡಿ ತೋರಿಸಲು ಹೇಳಿ. ಬೇಡ ಅಂದರೆ ಎದ್ದು ಬನ್ನಿ.

ಹಳೆಯದೆಲ್ಲ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಬರೀ ಟೈಪಿಂಗ್, ಬ್ಯಾಂಕ್ ಕೆಲಸ, ಅರ್ಜಿ ತುಂಬುವುದು ಇದ್ದರೆ ಹಳೆಯ ಐ7ಗೆ ಲಿನಕ್ಸ್ ಹಾಕಿ ಇನ್ನೂ ನಾಲ್ಕು ವರ್ಷ ದುಡಿಸಬಹುದು. ಆದರೆ ಹಳೆಯದು ಅಂತ ಹೇಳಿ, ಹಳೆಯದರ ದರಕ್ಕೆ ಕೊಡಬೇಕು. ಬಾಯಿಗೂಡಿದ ಎತ್ತೂ ಗಾಣಕ್ಕೆ ಆಗುತ್ತದೆ, ಕೊಳ್ಳುವವನಿಗೆ ಗೊತ್ತಿದ್ದರೆ ಸಾಕು.

ಈಗ ಏನು ಮಾಡುವುದು ಅನ್ನುವ ಪ್ರಶ್ನೆ ಉಳಿಯಿತು. ರಿಪೇರಿ ಹುಡುಗ ಎರಡು ದಾರಿ ಹೇಳಿದ್ದ. ಅದೇ ಎಚ್61ರ ಇನ್ನೊಂದು ಬೋರ್ಡ್ ಹಾಕಿದರೆ 2,500 ರೂಪಾಯಿಗೆ ಮುಗಿಯುತ್ತದೆ. ಅಥವಾ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಬೇಕು, ಇಪ್ಪತ್ತು ಸಾವಿರದ ಹತ್ತಿರ ಬರುತ್ತದೆ. ಡಬ್ಬಿ, ಮಾನಿಟರ್, ಎಸ್‌ಎಸ್‌ಡಿ, ಕೀಬೋರ್ಡ್ ಉಳಿಯುತ್ತವೆ.

ಅಣ್ಣನ ಮನಸ್ಸು 2,500ರ ಕಡೆಗಿತ್ತು. ಇದ್ದೇ ಇರುತ್ತದಲ್ಲ. “ಮತ್ತೊಂದು ವರ್ಷ ನಡದರ ಸಾಕು” ಅಂದರು. ಹಾಗೆ ಮಾಡುವುದು ಬೇಡ ಅಂತ ನಾವು ಹೇಳಬೇಕಿತ್ತು, ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಹೇಳಿದೆವು. ಅವರು ನಮ್ಮನ್ನೇ ನೋಡಿ ಕೇಳಿದರು: “ಹ್ವಾದ ವರ್ಷಾನೂ ನೀನ ಹೇಳಿದ್ದಿ. ಈಗ ಹೇಳೂದು ಖರೇನು?”

ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. “ನಂಬಬ್ಯಾಡ್ರಿ ಅಣ್ಣಾ. ಈಕೀನೂ ನೀವೂ ನಮ್ಮ ಕೂಡ ಹುಬ್ಬಳ್ಳಿಗೆ ಬರ್ರಿ. ನಾವು ಕೇಳ್ತೀವಿ, ಈಕಿ ಬರಕೊಳ್ಳಲಿ” ಅಂದೆವು. ಅದಕ್ಕೆ ಒಪ್ಪಿದರು.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದಂತೆ ನಮ್ಮ ಕಡೆಯವರಿಗೆ ಹುಬ್ಬಳ್ಳಿ. ಭಾನುವಾರ ಬಿಟ್ಟು ಸೋಮವಾರ ಹೋದೆವು. ಮೂರು ಅಂಗಡಿ ಹತ್ತಿ ಇಳಿದೆವು. ಮೊದಲನೆಯದರಲ್ಲಿ ‘ಐ5 ಸೆಟ್ ಕೊಡ್ಲಾ?’ ಅಂತ ಶುರು ಮಾಡಿದರು. ಹುಡುಗಿ ನೋಟ್‌ಬುಕ್ ತೆಗೆದು “ಯಾವ ಜನರೇಷನ್? ಚಿಪ್‌ಸೆಟ್ ಯಾವುದು?” ಅಂತ ಕೇಳಿದಳು. ಅವರು ನಮ್ಮ ಮುಖ ನೋಡಿದರು. ಅಲ್ಲಿಂದ ಇಳಿದೆವು. ಎರಡನೆಯ ಅಂಗಡಿಯಲ್ಲಿ ದರ ಹೆಚ್ಚು. ಮೂರನೆಯವರು ತಾಳ್ಮೆಯ ಮನುಷ್ಯ, ನಾವು ಕೇಳಿದ್ದಕ್ಕೆಲ್ಲ ಡಬ್ಬಿ ಬಿಚ್ಚಿ ತೋರಿಸಿದರು.

ನಮ್ಮ ಲೆಕ್ಕ ಇದ್ದದ್ದು ಎಚ್610 ಬೋರ್ಡಿನ ಮೇಲೆ. 2022ರ ಚಿಪ್‌ಸೆಟ್, ಎಲ್‌ಜಿಎ 1700 ಸಾಕೆಟ್. ಅದರಲ್ಲಿ ಹನ್ನೆರಡು, ಹದಿಮೂರು, ಹದಿನಾಲ್ಕನೇ ಪೀಳಿಗೆಯ ಪ್ರೊಸೆಸರುಗಳು ಕೂರುತ್ತವೆ, ಹೊಸ ಪೀಳಿಗೆಯದಕ್ಕೆ ಬಯೋಸ್ ಹೊಸದಿರಬೇಕು ಅಷ್ಟೆ. ಈಗ ಐ3 ಹಾಕಿ, ಓದು ಮುಗಿಸಿ ಕೆಲಸ ಸಿಕ್ಕ ಮೇಲೆ ಐ5 ಹಾಕಿಕೊಳ್ಳಬಹುದು. ಇಂಟೆಲ್ 2024ರಲ್ಲಿ ಬೇರೆ ಸಾಕೆಟ್ಟಿಗೆ ಹೋಗಿದೆ, ಹಾಗಾಗಿ ಇದೂ ಎಲ್ಲ ಕಾಲಕ್ಕೂ ಅಲ್ಲ. ನಮ್ಮ ದುಡ್ಡಿಗೆ ಎಲ್ಲ ಕಾಲದ್ದು ಬರುವುದಿಲ್ಲ.

ಎಚ್610ರಲ್ಲೇ ಎರಡು ಜಾತಿ ಇವೆ. ಒಂದು ಡಿಡಿಆರ್4 ರ‍್ಯಾಮಿನದು, ಇನ್ನೊಂದು ಡಿಡಿಆರ್5 ರ‍್ಯಾಮಿನದು. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ, ನಡುವಿನ ಕಚ್ಚೇ ಬೇರೆ. ಡಬ್ಬಿಯ ಮೇಲೆ ಓದಿ ತರಬೇಕು. ಎಐ ಕಂಪನಿಗಳ ಡೇಟಾ ಸೆಂಟರುಗಳೇ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದ ಹೊತ್ತು ಅದು, ರ‍್ಯಾಮ್ ದರ ಏರುತ್ತಲೇ ಇತ್ತು. “ಎರಡು ತಿಂಗಳು ಮೊದಲ ಬಂದಿದ್ರ ಇಷ್ಟ ಇರಲಿಲ್ರೀ” ಅಂದರು ಅಂಗಡಿಯವರು. ಅಮೆರಿಕದ ಎಐಗೂ ಹಾವೇರಿಯ ಗೋವಿನಜೋಳದ ದುಡ್ಡಿಗೂ ಹೀಗೆ ಸಂಬಂಧ ಬೆಳೆಯಿತು. ಡಿಡಿಆರ್4ರ ಬೋರ್ಡನ್ನೇ ಹಿಡಿದೆವು. ಈಗ 8 ಜಿಬಿ ಒಂದು, ಇನ್ನೊಂದು ಸ್ಲಾಟ್ ಖಾಲಿ.

ಮೊದಲು ತೋರಿಸಿದ ಬೋರ್ಡಿನಲ್ಲಿ ಎಚ್‌ಡಿಎಂಐ ಮಾತ್ರ ಇತ್ತು. ಅಣ್ಣನ ಮನೆಯ ಮಾನಿಟರಿಗೆ ಇರುವುದು ಹಳೆಯ ನೀಲಿ ವಿಜಿಎ ಕೇಬಲ್. ಮಾರಾಟಗಾರರು ಅಡಾಪ್ಟರ್ ತೋರಿಸಿದರು. ಅದು ಬೇಡ ಅಂತ ವಿಜಿಎ ಕಿಂಡಿ ಇರುವ ಬೋರ್ಡ್ ಕೇಳಿದೆವು, ಇನ್ನೂರು ರೂಪಾಯಿ ಹೆಚ್ಚಿಗೆ ಇತ್ತು. ಎಂ.2 ಸ್ಲಾಟ್ ಇದೆಯಾ ನೋಡಿದೆವು, ಇತ್ತು. ಈಗಿರುವ ಎಸ್‌ಎಸ್‌ಡಿ ಸಾಟಾ ಕೇಬಲಿನದು, ಅದೇ ನಡೆಯುತ್ತದೆ.

ಪ್ರೊಸೆಸರ್ ಕೊಳ್ಳುವಾಗ ಅಣ್ಣ ಒಂದು ಡಬ್ಬಿ ಎತ್ತಿ “ಇದೂ 12100ನ ಐತಲ್ಲ, ಎರಡು ಸಾವಿರ ಕಡಿಮಿ ಐತಿ” ಅಂದರು. ಅದು 12100ಎಫ್. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಗೇ ಇರುತ್ತದೆ, ಬೋರ್ಡಿನಲ್ಲಿ ಎಷ್ಟು ಕಿಂಡಿ ಇದ್ದರೂ ಪ್ರಯೋಜನವಿಲ್ಲ. ಎಎಂಡಿಯಲ್ಲಿ ಇದು ತಿರುಗಾಮುರುಗಾ: ರೈಜನ್ 5000ದ ಸಾಲಿನಲ್ಲಿ 5600ಜಿ ಥರ ಜಿ ಇದ್ದರೆ ಮಾತ್ರ ಚಿತ್ರ ಬರುತ್ತದೆ. ಆ 5600ಜಿಯನ್ನು ಎ520 ಬೋರ್ಡಿನ ಜೊತೆ ಅಂಗಡಿಯವರು ಆಮೇಲೆ ತೋರಿಸಿದರು. ಆರು ಕೋರ್, ಚಿತ್ರದ ಬಲವೂ ಹೆಚ್ಚು. ವಿಡಿಯೊ ಎಡಿಟ್ ಮಾಡುವ ನಮ್ಮಂಥವರಿಗಾದರೆ ನಾವೂ ಅದನ್ನೇ ತರುತ್ತಿದ್ದೆವೇನೋ. ಲೆಕ್ಕ ಮೂರು ಸಾವಿರ ಮೇಲೆ ಹೋಗುತ್ತಿತ್ತು. ಬಿಟ್ಟೆವು.

ಒಂದು ವಿಷಯ ಅಂಗಡಿಯವರೇ ಹೇಳಿದ್ದು, ನಮಗೆ ಗೊತ್ತಿರಲಿಲ್ಲ. ಸಾಕೆಟ್ಟಿನ ಸುತ್ತ ಸಣ್ಣ ಕಪ್ಪು ಚೌಕಗಳ ಸಾಲು ಇರುತ್ತದೆ. ಪ್ರೊಸೆಸರಿಗೆ ಕರೆಂಟನ್ನು ಹದ ಮಾಡಿ ಕೊಡುವುದು ಅವೇ. ಅಗ್ಗದ ಬೋರ್ಡಿನಲ್ಲಿ ಅವು ಕಡಿಮೆ, ಮೇಲೆ ಬಿಸಿ ಹೀರುವ ಲೋಹದ ಪಟ್ಟಿಯೂ ಇರುವುದಿಲ್ಲ. ಐ3ಗೆ ಸಾಕು, ಐ5ಗೂ ನಡೆದೀತು. ಸಾಕೆಟ್ ಹೊಂದುತ್ತದೆ ಅಂತ ನಾಳೆ ಇದಕ್ಕೆ ಐ9 ಹಾಕಿದರೆ, 5 ಎಚ್‌ಪಿ ಮೋಟಾರಿಗೆ ಎಳೆದ ವೈರಿಗೆ 10 ಎಚ್‌ಪಿ ಜೋಡಿಸಿದಂತೆ. ಅಣ್ಣನಿಗೆ ನಮಗಿಂತ ಮೊದಲೇ ತಿಳಿಯಿತು.

ಬೋರ್ಡ್ 5,850, ಪ್ರೊಸೆಸರ್ 9,700, ರ‍್ಯಾಮ್ 3,200, ಹೊಸ ಎಸ್‌ಎಂಪಿಎಸ್ 1,900. ಒಟ್ಟು 20,650. ಎಸ್‌ಎಂಪಿಎಸ್ ಹಳೆಯದೇ ಇರಲಿ ಅಂತ ಅಣ್ಣ ಅಂದರು. ಒಂದು ಬೋರ್ಡನ್ನು ಅದೇ ತಿಂದಿರಬಹುದು ಅಂದ ಮೇಲೆ ಸುಮ್ಮನಾದರು. ಪಕ್ಕಾ ಜಿಎಸ್‌ಟಿ ಬಿಲ್ ಬರೆಸಿದೆವು. ಬೋರ್ಡಿನ ಪೂರ್ತಿ ಹೆಸರು, ಸೀರಿಯಲ್ ನಂಬರ್, ಮೂರು ವರ್ಷದ ವಾರಂಟಿ ಎಲ್ಲ ಅದರಲ್ಲಿದೆ.

ಅಣ್ಣ ತಂದಿದ್ದು 15,000. ಉಳಿದ 5,650 ನಾವು ಕೊಟ್ಟೆವು. ಹೊರಡುವಾಗಲೇ ಮನೆಯಲ್ಲಿ ಹೇಳಿ ಬಂದಿದ್ದೆವು. ಜಿಲ್ಲಾ ಬಾತ್ಮೀದಾರನಿಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಇಲ್ಲಿ ಬರೆಯುವುದು ಬೇಡ, ಈ ಬ್ಲಾಗಿನ ಗೆಳೆಯರಿಗೆಲ್ಲ ಗೊತ್ತಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ನಿ. ಕೊಡುವಾಗ, ಅಣ್ಣ ಬೇಡ ಅಂದಾರು, ಆಮೇಲೆ ಕೊಡುತ್ತೇನೆ ಅಂದಾರು ಅಂತ ಮನಸ್ಸಿನ ಮೂಲೆಯಲ್ಲಿ ಇತ್ತು. ಅನ್ನಲಿಲ್ಲ. ನೋಟು ಎಣಿಸಿ ಅಂಗಡಿಯವರಿಗೆ ಕೊಟ್ಟರು. ಅದು ಸರಿಯೇ ಆಯಿತು.

ಜೋಡಿಸುವ ಕೆಲಸ ಅವರ ಮನೆಯಲ್ಲೇ ನಡೆಯಿತು, ಪಡಸಾಲೆಯಲ್ಲಿ ಚಾಪೆ ಹಾಸಿ. ಈ ಬೋರ್ಡುಗಳಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿ. ಕೂದಲಿನಷ್ಟು ಸಣ್ಣ ಪಿನ್ನುಗಳು. ಒಂದು ಬಾಗಿದರೂ ವಾರಂಟಿ ಸಿಗುವುದು ಕಷ್ಟ. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಮೂಲೆಯ ಗುರುತಿಗೆ ಹೊಂದಿಸಿ, ಒತ್ತದೆ, ಮೇಲಿನಿಂದ ಸುಮ್ಮನೆ ಇಳಿಸಬೇಕು. ಲಿವರ್ ಒತ್ತುವಾಗ ಕರ್ ಅನ್ನುತ್ತದೆ, ಮೊದಲ ಸಲ ಜೀವ ಬಾಯಿಗೆ ಬರುತ್ತದೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬೀಳುತ್ತದೆ, ಅದನ್ನು ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕೊಡುವಾಗ ಕೇಳುತ್ತಾರೆ. ನಮ್ಮ ಕೈ ನಡುಗುತ್ತಿತ್ತು. ಪ್ರೊಸೆಸರನ್ನು ಇಳಿಸಿದ್ದು ಹುಡುಗಿಯೇ.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆವು. ಫ್ಯಾನ್ ತಿರುಗಿತು. ಪರದೆ ಕಪ್ಪು. ರ‍್ಯಾಮ್ ತೆಗೆದು ಮತ್ತೆ ಟಕ್ ಅನ್ನುವವರೆಗೆ ಒತ್ತಿದೆವು. ಕಪ್ಪೇ. ಅಣ್ಣ ಏನೂ ಅನ್ನದೆ ಎದ್ದು ಹೊರಗೆ ಹೋದರು. ಆ ಹತ್ತು ನಿಮಿಷ ನಾವು ಏನೇನು ಅಂದುಕೊಂಡೆವು ಅನ್ನುವುದು ಬೇಡ. ಹುಡುಗಿ ಬೋರ್ಡಿನ ಜೊತೆ ಬಂದ ಪುಸ್ತಕದ ಚಿತ್ರ ನೋಡುತ್ತ “ಕಾಕಾ, ಇಲ್ಲಿ ಮ್ಯಾಲಿನ ಮೂಲ್ಯಾಗ ಒಂದು ವೈರ್ ಹಾಕಂತ ಐತಿ, ನಾವು ಹಾಕೇ ಇಲ್ಲ” ಅಂದಳು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗುವ ದೊಡ್ಡ ಕೇಬಲ್ ಅಲ್ಲದೆ, ಪ್ರೊಸೆಸರಿಗೆ ಅಂತಲೇ ನಾಲ್ಕು-ನಾಲ್ಕು ಪಿನ್ನಿನ ಇನ್ನೊಂದು ಕೇಬಲ್ ಇರುತ್ತದೆ. ಅದು ಡಬ್ಬಿಯ ಹಿಂದೆ ಜೋತು ಬಿದ್ದಿತ್ತು. ಹಾಕಿದ ಮೇಲೆ ಬೋರ್ಡಿನ ಕಂಪನಿಯ ಹೆಸರು ಪರದೆಯ ಮೇಲೆ ಬಂತು. ಅವಳು ಅಪ್ಪನನ್ನು ಕೂಗಿದಳು.

ಉಬುಂಟು ಹಾಕಿಕೊಂಡಿದ್ದಾಳೆ. ಕಾಲೇಜಿನ ಸಿ, ಪೈಥಾನ್ ಎಲ್ಲ ಅದರಲ್ಲೇ ನಡೆಯುತ್ತಿದೆ. ವಿಂಡೋಸ್ 11 ಬೇಕಾದ ದಿನ ಈ ಬೋರ್ಡು ಬೇಡ ಅನ್ನುವುದಿಲ್ಲ.

ಹಳೆಯ ಪ್ರೊಸೆಸರ್ ಮತ್ತು ರ‍್ಯಾಮನ್ನು ರಿಪೇರಿ ಹುಡುಗ ಸಾವಿರ ರೂಪಾಯಿಗೆ ತಗೊಂಡ. ಆ ದುಡ್ಡಿನಲ್ಲಿ ಅರ್ಥಿಂಗ್ ಮಾಡಿಸಿದೆವು. ಅವರ ಮನೆಯ ಬೋರ್ಡಿನಲ್ಲಿ ಮೂರನೇ ಪಿನ್ನಿಗೆ ವೈರೇ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಇಟ್ಟು, ಇದ್ದಿಲು ಉಪ್ಪು ಹಾಕಿದರು. ಗುಂಡಿ ಅಣ್ಣನೇ ತೋಡಿದ್ದು.

ಹೋದ ವಾರ ಅಣ್ಣನಿಂದ ಒಂದು ವಾಟ್ಸ್‌ಆ್ಯಪ್ ಬಂತು. ಯಾರೋ ಬೀಗರ ಮನೆಯವರು ಕೊಳ್ಳಬೇಕೆಂದಿರುವ ಕಂಪ್ಯೂಟರಿನ ಹಾಳೆ. ‘ಐ5, 16 ಜಿಬಿ, 14,000’ ಅಂತ ಇದೆ. ಕೆಳಗೆ ವಾಯ್ಸ್ ಮೆಸೇಜ್: “ಹಲ್ಲು ನೋಡಿ ಹೇಳು ತಮ್ಮಾ.” ಹಾಳೆಯಲ್ಲಿ ಬೋರ್ಡಿನ ಹೆಸರಿಲ್ಲ. ಅಂಗಡಿಯವರನ್ನು ಕೇಳಿ ಬರೆಸಿಕೊಂಡು ಕಳಿಸಲು ಹೇಳಿದ್ದೇವೆ. ಇನ್ನೂ ಬಂದಿಲ್ಲ.